ಟೋಕನ್ ಕೊಡುವ ಮುನ್ನ ಕಾರನ್ನು ಲಿಫ್ಟ್‌ಗೆ ಏರಿಸಿ

ಪುಣೆ, ಹೈದರಾಬಾದ್, ಚೆನ್ನೈ, ಮುಂಬೈಗಳಲ್ಲಿ ಕೆಲಸ ಮಾಡುವ ಕನ್ನಡಿಗರ ವಾಟ್ಸ್‌ಆ್ಯಪ್ ಗುಂಪುಗಳಿಗೆ ಈಚೆಗೆ ಒಂದೇ ಬಗೆಯ ಫೋಟೊಗಳು ಬರುತ್ತಿವೆ. ಕೆಂಪು ಆಕ್ಟೇವಿಯಾ ಆರ್‌ಎಸ್, ಮೇಲ್ಛಾವಣಿ ಮಡಚುವ ಬಿಎಂಡಬ್ಲ್ಯು ಜೆಡ್‌4, ಎರಡು ಬಾಗಿಲಿನ ಆಡಿ ಟಿಟಿ. ಜೊತೆಗೆ ಒಂದು ಸಾಲು: ‘ಹೇಗಿದೆ? ನಾಳೆ ಟೋಕನ್ ಕೊಡ್ತಿದ್ದೀನಿ.’ ಹೊಸದಾಗಿದ್ದಾಗ ಅರ್ಧ ಕೋಟಿ ದಾಟುತ್ತಿದ್ದ ಕಾರು ಇಂದು ಹೊಸ ಎಸ್‌ಯುವಿಯೊಂದರ ಬೆಲೆಗೆ ಸಿಗುತ್ತಿದೆ. ಕಾಲೇಜಿನಲ್ಲಿ ಹಾಸ್ಟೆಲ್ ಗೋಡೆಗೆ ಅಂಟಿಸಿದ್ದ ಕಾರು ಮನೆಯ ಪಾರ್ಕಿಂಗ್‌ಗೆ ಬರುವುದಾದರೆ ಯಾರಿಗೆ ತಾನೇ ಆಸೆಯಾಗುವುದಿಲ್ಲ?

ಆಸೆಯಲ್ಲಿ ತಪ್ಪಿಲ್ಲ. ದುಡಿದ ಹಣ, ಇಷ್ಟದ ಕಾರು. ಆದರೆ ಅದನ್ನು ಕೊಳ್ಳುವ ರೀತಿ ಆತಂಕ ತರುತ್ತದೆ. ಶನಿವಾರ ಫೋಟೊ, ಭಾನುವಾರ ಹತ್ತು ನಿಮಿಷದ ಓಡಾಟ, ಸೋಮವಾರ ಟೋಕನ್. ನಡುವೆ ಕಾರನ್ನು ಬಲ್ಲವರೊಬ್ಬರೂ ಅದರ ಅಡಿಭಾಗವನ್ನು ನೋಡಿರುವುದಿಲ್ಲ. ಹತ್ತು ಸಾಲು ಕೋಡ್ ಬದಲಿಸಿದರೂ ಇನ್ನೊಬ್ಬರು ಪರಿಶೀಲಿಸದೆ ಮುಂದೆ ಬಿಡದ ನಾವು, 20 ಲಕ್ಷ ರೂಪಾಯಿಯ ಯಂತ್ರವನ್ನು ಹೊಳಪು ನೋಡಿ ಒಪ್ಪಿಕೊಳ್ಳುತ್ತಿದ್ದೇವೆ.

ಊರು ಬಿಟ್ಟು ಬಂದವರಿಗೆ ಈ ಅಪಾಯ ಸ್ವಲ್ಪ ಹೆಚ್ಚೇ. ಹುಬ್ಬಳ್ಳಿಯಲ್ಲೋ ಮೈಸೂರಿನಲ್ಲೋ ಇದ್ದರೆ ಅಪ್ಪನ ಕಾಲದಿಂದ ಪರಿಚಯವಿರುವ ಮೆಕ್ಯಾನಿಕ್ ಒಬ್ಬರಿರುತ್ತಾರೆ. ಬಾನೆಟ್ ಎತ್ತಿ, ಸದ್ದು ಕೇಳಿ, ‘ಬೇಡ ಬಿಡಿ ಸಾರ್’ ಎಂದು ಹೇಳಿಬಿಡುತ್ತಾರೆ. ಹೊರರಾಜ್ಯದಲ್ಲಿ ಆ ಮನುಷ್ಯ ಇಲ್ಲ. ಭಾಷೆ ಅರ್ಧಂಬರ್ಧ, ಗ್ಯಾರೇಜ್ ಹೊಸದು, ರಜೆ ಕಡಿಮೆ. ‘ಇನ್ನೊಬ್ಬರು ಸಂಜೆ ಬರ್ತಾರೆ’ ಎಂದು ದಲ್ಲಾಳಿ ಹೇಳಿದರೆ ಸಾಕು, ಕೈ ಯುಪಿಐ ಕಡೆಗೆ ಹೋಗುತ್ತದೆ. ಆತುರಗಾರನಿಗೆ ಬುದ್ಧಿ ಮಟ್ಟ ಎಂಬ ಮಾತು ಇಂಥ ಸಂಜೆಗಳಿಗೇ ಹುಟ್ಟಿದಂತಿದೆ.

ನಮ್ಮ ಆಫೀಸಿನಲ್ಲಿ ದಾವಣಗೆರೆ ಕಡೆಯ ಸಹೋದ್ಯೋಗಿಯೊಬ್ಬರು ಬೇರೆ ನಗರದಿಂದ ಇಂಥದ್ದೇ ಕಾರು ತರಿಸಿದರು. ಮೀಟರ್ 38,000 ಕಿ.ಮೀ. ತೋರಿಸುತ್ತಿತ್ತು. ಮೂರನೇ ವಾರ ಗೇರ್‌ಬಾಕ್ಸ್ ಎಚ್ಚರಿಕೆ ದೀಪ ಹತ್ತಿತು. ಸ್ಕ್ಯಾನರ್ ಜೋಡಿಸಿದಾಗ, ಗೇರ್‌ಬಾಕ್ಸ್‌ನ ಕಂಪ್ಯೂಟರಿನಲ್ಲಿ ಉಳಿದಿದ್ದ ಹಳೆಯ ದೋಷವೊಂದು 91,000 ಕಿ.ಮೀ.ನಲ್ಲಿ ದಾಖಲಾಗಿತ್ತು. ರಿಪೇರಿಗೆ ಹೋದದ್ದು ಊರಿನ ಮನೆಗೆ ಮೊದಲ ಮಹಡಿ ಕಟ್ಟಿಸಲು ಎತ್ತಿಟ್ಟಿದ್ದ ಹಣ. ಕೊಳ್ಳುವ ಮೊದಲೇ ಅದೇ ಸ್ಕ್ಯಾನರನ್ನು ಅರ್ಧ ಗಂಟೆ ಜೋಡಿಸಿದ್ದರೆ ಆ ಸಂಖ್ಯೆ ಕಣ್ಣಿಗೆ ಬೀಳುತ್ತಿತ್ತು.

ಸ್ಪೋರ್ಟ್ಸ್ ಕಾರಿನ ಬೆಲೆ ವರ್ಷದಿಂದ ವರ್ಷಕ್ಕೆ ಇಳಿಯುತ್ತದೆ, ಬಿಡಿಭಾಗದ ಬೆಲೆ ಇಳಿಯುವುದಿಲ್ಲ. 2017ರಲ್ಲಿ ಇಲ್ಲಿ ಬಿಡುಗಡೆಯಾದ ಆಕ್ಟೇವಿಯಾ ಆರ್‌ಎಸ್ ನೋಡಿ. ಅದರ ಆರು ಗೇರಿನ ಡಿಎಸ್‌ಜಿಯಲ್ಲಿ ಕ್ಲಚ್‌ಗಳು ಆಯಿಲ್‌ನಲ್ಲೇ ಮುಳುಗಿ ಕೆಲಸ ಮಾಡುತ್ತವೆ. ಸುಮಾರು 60,000 ಕಿ.ಮೀ.ಗೊಮ್ಮೆ ಆ ಆಯಿಲ್, ಫಿಲ್ಟರ್ ಬದಲಿಸಬೇಕು. ಹಿಂದಿನ ಮಾಲೀಕರು ಅದನ್ನು ತಪ್ಪಿಸಿದ್ದರೆ ಹತ್ತು ನಿಮಿಷದ ಓಡಾಟದಲ್ಲಿ ಗೊತ್ತಾಗದೇ ಹೋಗಬಹುದು. 1997ರಿಂದ 2008ರವರೆಗಿನ ಹಲವು ಪೋರ್ಷ ಬಾಕ್ಸ್‌ಸ್ಟರ್ ಮತ್ತು 911 ಎಂಜಿನ್‌ಗಳಲ್ಲಿ ಇಂಟರ್‌ಮೀಡಿಯೆಟ್ ಶಾಫ್ಟ್ ಬೇರಿಂಗ್‌ನ ಸಮಸ್ಯೆ ಜಗತ್ತಿಗೇ ಗೊತ್ತು. ಆ ಸಣ್ಣ ಬೇರಿಂಗ್ ಪುಡಿಯಾದರೆ ಇಡೀ ಎಂಜಿನ್ ಹೋಗುತ್ತದೆ. ಆಯಿಲ್ ಫಿಲ್ಟರ್ ಬಿಚ್ಚಿ ಲೋಹದ ಚೂರು ಇದೆಯೇ ಎಂದು ನೋಡುವುದು ಅಲ್ಲಿನ ಮೊದಲ ಪರೀಕ್ಷೆ. ಇನ್ನು ನಮ್ಮ ರಸ್ತೆಗಳ ಹಂಪ್‌ಗಳು ಇಷ್ಟು ತಗ್ಗಾದ ಕಾರಿನ ಅಡಿಗೆ ಏನು ಮಾಡಿರುತ್ತವೆ ಎಂಬುದು ಲಿಫ್ಟ್ ಮೇಲೆ ಮಾತ್ರ ಕಾಣುತ್ತದೆ.

ಇಂಥ ಕಾರುಗಳನ್ನು ಸುಮ್ಮನೆ ಆಫೀಸಿಗೆ ಓಡಿಸಿರುವವರು ಕಡಿಮೆ. ಎಂಜಿನ್‌ನ ಸಾಫ್ಟ್‌ವೇರ್ ಬದಲಿಸಿ ಶಕ್ತಿ ಹೆಚ್ಚಿಸಿಕೊಂಡು, ಮಾರುವ ಮುನ್ನ ಹಳೆಯದನ್ನೇ ಮತ್ತೆ ಹಾಕಿರುವ ಸಾಧ್ಯತೆ ಇದೆ. ದೋಷದ ಕೋಡ್‌ಗಳನ್ನು ಅಳಿಸುವುದಂತೂ ಎರಡು ನಿಮಿಷದ ಕೆಲಸ. ಆದರೆ ಅಳಿಸಿದ ಗುರುತೂ ಉಳಿಯುತ್ತದೆ. ಕೋಡ್ ಅಳಿಸಿದಾಗ ಎಂಜಿನ್ ತನ್ನ ಸ್ವಯಂಪರೀಕ್ಷೆಗಳನ್ನೆಲ್ಲ ಮೊದಲಿನಿಂದ ಮಾಡಬೇಕಾಗುತ್ತದೆ. ಅವು ಮುಗಿಯಲು ಬಗೆಬಗೆಯ ವೇಗದಲ್ಲಿ ಕೆಲವು ಬಾರಿ ಓಡಿಸಬೇಕು. ದಿನವೂ ಓಡುತ್ತಿದೆ ಎಂದು ಮಾರುವವರು ಹೇಳುವ ಕಾರಿನ ಸ್ಕ್ಯಾನರಿನಲ್ಲಿ ‘ಪರೀಕ್ಷೆ ಅಪೂರ್ಣ’ ಎಂದು ಬಂದರೆ, ಬ್ಯಾಟರಿ ಈಚೆಗೆ ಬದಲಾಗಿದೆಯೇ ಎಂದು ಕೇಳಿ. ಇಲ್ಲವೆಂದರೆ ಯಾರೋ ನಿನ್ನೆ ಮೊನ್ನೆ ಒರೆಸಿದ್ದಾರೆಂದು ಅರ್ಥ. ಸರ್ವರ್‌ನಲ್ಲಿ ಲಾಗ್ ಪೂರಾ ಖಾಲಿ ಕಂಡರೆ ನಾವು ಸಂತೋಷಪಡುತ್ತೇವೆಯೇ, ಅನುಮಾನಪಡುತ್ತೇವೆಯೇ?

ನೀರಿನ ಕಥೆ ಬೇರೆ. 2005ರ ಜುಲೈ 26ರಂದು ಸಾಂತಾಕ್ರೂಜ್‌ನಲ್ಲಿ 24 ಗಂಟೆಗಳಲ್ಲಿ 944 ಮಿ.ಮೀ. ಮಳೆ ಸುರಿದಾಗ ಮುಂಬೈ ಮುಳುಗಿತು. 2015ರ ಡಿಸೆಂಬರ್‌ನಲ್ಲಿ ಚೆನ್ನೈ, 2020ರ ಅಕ್ಟೋಬರ್‌ನಲ್ಲಿ ಹೈದರಾಬಾದ್, 2022ರ ಸೆಪ್ಟೆಂಬರ್‌ನಲ್ಲಿ ನಮ್ಮದೇ ಬೆಂಗಳೂರು, 2023ರ ಡಿಸೆಂಬರ್‌ನಲ್ಲಿ ಮತ್ತೆ ಚೆನ್ನೈ. ಆಗ ನೀರಲ್ಲಿ ನಿಂತ ಕಾರುಗಳಲ್ಲಿ ಕೆಲವು ತೊಳೆದು ಒಣಗಿಸಿಕೊಂಡು ಬೇರೆ ಊರಿನ ಮಾರುಕಟ್ಟೆ ಸೇರುತ್ತವೆ. ವೈರಿಂಗ್‌ನ ತುಕ್ಕು ತಿಂಗಳುಗಳ ನಂತರ ಮಾತಾಡುತ್ತದೆ. ಸೀಟ್ ಬೆಲ್ಟನ್ನು ಕೊನೆಯವರೆಗೆ ಎಳೆದು ಕೆಸರಿನ ಗೆರೆ ನೋಡುವುದು, ಕಾರ್ಪೆಟ್ ಎತ್ತಿ ಸೀಟಿನ ಬೋಲ್ಟ್ ನೋಡುವುದು, ಹೆಡ್‌ಲೈಟ್ ಒಳಗೆ ಮಂಜು ಹಿಡಿದಿದೆಯೇ ನೋಡುವುದು, ಇವಕ್ಕೆ ಎಂಜಿನಿಯರ್ ಆಗಬೇಕಿಲ್ಲ.

‘ಕಂಪನಿಯವರೇ ಇನ್ನೂರು ಅಂಶ ಪರಿಶೀಲಿಸಿ ಸರ್ಟಿಫಿಕೇಟ್ ಕೊಟ್ಟಿದ್ದಾರಲ್ಲ’ ಎಂದು ಕೆಲವರು ಕೇಳುತ್ತಾರೆ. ಆ ಸರ್ಟಿಫಿಕೇಟ್ ಸುಳ್ಳೆಂದು ನಾನು ಹೇಳುವುದಿಲ್ಲ. ಆದರೆ ಅದನ್ನು ಬರೆದವರಿಗೆ ಸಂಬಳ ಕೊಡುವುದು ಮಾರುವವರು. ಬರೆದವರೇ ತಮ್ಮ ಕೋಡನ್ನು ಒಪ್ಪಿಕೊಳ್ಳುವ ಪದ್ಧತಿ ನಮ್ಮ ವೃತ್ತಿಯಲ್ಲಿ ಇಲ್ಲದಿರುವುದು ಯಾಕೆ ಎಂಬುದು ನಮಗೆ ಗೊತ್ತೇ ಇದೆ. ಪರಿಶೀಲಕರಿಗೆ ನಾವು ಹಣ ಕೊಡಬೇಕು. ಅವರನ್ನು ನಾವು ಆರಿಸಬೇಕು.

ಕಾನೂನು ಕಾಯುತ್ತದೆ ಎಂಬ ಭರವಸೆಯನ್ನೂ ಅಳೆದು ಇಟ್ಟುಕೊಳ್ಳುವುದು ಒಳ್ಳೆಯದು. 1930ರ ಸರಕು ಮಾರಾಟ ಕಾಯ್ದೆಯ 16ನೇ ಕಲಮಿನ ಮೂಲ ನಿಲುವೇ ಕೊಳ್ಳುವವರು ಎಚ್ಚರವಾಗಿರಬೇಕು ಎಂಬುದು. ಗುಣಮಟ್ಟದ ಬಗೆಗಿನ ವಿನಾಯಿತಿ ಮುಖ್ಯವಾಗಿ ಆ ವಸ್ತುವಿನ ವ್ಯಾಪಾರ ಮಾಡುವವರಿಂದ ಕೊಂಡಾಗ ಅನ್ವಯಿಸುತ್ತದೆ. ತನ್ನ ಕಾರನ್ನು ತಾನು ಮಾರುವ ಒಬ್ಬ ಖಾಸಗಿ ವ್ಯಕ್ತಿಯಿಂದ ಕೊಂಡರೆ, ಆತ ಬೇಕೆಂದೇ ಮರೆಮಾಚಿದ್ದನ್ನು ಸಾಬೀತುಪಡಿಸುವ ಹೊರೆ ನಮ್ಮ ಮೇಲೆ. ಅದೂ ಇನ್ನೊಂದು ರಾಜ್ಯದಲ್ಲಿ, ರಜೆ ಹಾಕಿ.

ಕಾಗದಪತ್ರದ್ದು ಇನ್ನೊಂದು ಪರೀಕ್ಷೆ. ಆರ್‌ಸಿಯಲ್ಲಿ ಬ್ಯಾಂಕಿನ ಹೆಸರಿದ್ದರೆ ಬ್ಯಾಂಕಿನ ಎನ್‌ಒಸಿ ಮತ್ತು ನಮೂನೆ 35 ಬೇಕು. ವರ್ಗಾವಣೆಗೆ ನಮೂನೆ 29 ಮತ್ತು 30. ಎಷ್ಟನೇ ಮಾಲೀಕರು, ಸಾಲ ಇದೆಯೇ ಎಂಬುದನ್ನು ಪರಿವಾಹನ್ ಜಾಲತಾಣದಲ್ಲೇ ನೋಡಬಹುದು. ಮುಂದೆ ಊರಿಗೆ ಮರಳುವ ಯೋಚನೆ ಇರುವವರು ಇನ್ನೊಂದು ಲೆಕ್ಕ ಹಾಕಬೇಕು. ಮೋಟಾರು ವಾಹನ ಕಾಯ್ದೆಯ 47ನೇ ಕಲಮಿನಂತೆ ಬೇರೆ ರಾಜ್ಯದಲ್ಲಿ ನೋಂದಣಿಯಾದ ವಾಹನ 12 ತಿಂಗಳಿಗಿಂತ ಹೆಚ್ಚು ಕಾಲ ಕರ್ನಾಟಕದಲ್ಲಿದ್ದರೆ ಮರುನೋಂದಣಿ ಆಗಬೇಕು, ಅದರೊಂದಿಗೆ ಜೀವಾವಧಿ ತೆರಿಗೆಯೂ ಬರುತ್ತದೆ. ದುಬಾರಿ ಕಾರಿಗೆ ಆ ಮೊತ್ತ ಲಕ್ಷಗಳಲ್ಲಿರುತ್ತದೆ. ಬದಲಿಸಿದ ಸೈಲೆನ್ಸರ್, ಅಗಲದ ಚಕ್ರಗಳಿದ್ದರೆ ಆರ್‌ಟಿಒ ಬಾಗಿಲಲ್ಲಿ ಅದಕ್ಕೂ ಉತ್ತರ ಕೊಡಬೇಕು.

ಹೀಗೆ ಪರಿಶೀಲನೆ ಕೇಳಿದರೆ ಮಾರುವವರಿಗೆ ಅವಮಾನವಾಗುತ್ತದೆ ಎಂಬ ಸಂಕೋಚ ನಮ್ಮಲ್ಲಿ ಅನೇಕರಿಗಿದೆ. ಅದರಲ್ಲೂ ಮಾರುವವರು ಕನ್ನಡದವರೇ ಆಗಿಬಿಟ್ಟರೆ ‘ನಮ್ಮೂರವರಲ್ವಾ’ ಎಂದು ಕೇಳುವುದೇ ಇಲ್ಲ. ನಮ್ಮ ಅಜ್ಜಂದಿರು ಹಾಗಿರಲಿಲ್ಲ. ಘಾಟಿ ಸುಬ್ರಹ್ಮಣ್ಯದ ಜಾತ್ರೆಯಲ್ಲೋ ಸಿದ್ಧಗಂಗೆಯ ಜಾತ್ರೆಯಲ್ಲೋ ಎತ್ತು ಕೊಳ್ಳುವವರು ಬಾಯಿ ಬಿಡಿಸಿ ಹಲ್ಲು ಎಣಿಸುತ್ತಿದ್ದರು, ಸುಳಿ ನೋಡುತ್ತಿದ್ದರು, ನಡೆಸಿ ನೋಡುತ್ತಿದ್ದರು. ಬಲ್ಲವರೊಬ್ಬರನ್ನು ಜೊತೆಗೆ ಕರೆದೊಯ್ಯುತ್ತಿದ್ದರು. ಪಕ್ಕದೂರಿನ ಪರಿಚಯದವರ ಎತ್ತಾದರೂ ಹಲ್ಲು ನೋಡದೆ ಹಗ್ಗ ಹಿಡಿಯುತ್ತಿರಲಿಲ್ಲ. ಅದನ್ನು ಯಾರೂ ಅಪನಂಬಿಕೆ ಎನ್ನಲಿಲ್ಲ, ವ್ಯವಹಾರ ಎಂದರು.

ಹಾಗಾಗಿ ಸಲಹೆ ಸರಳ. ಆ ಬ್ರ್ಯಾಂಡಿನ ಕೆಲಸ ಬಲ್ಲ, ಮಾರುವವರಿಗೆ ಸಂಬಂಧವಿಲ್ಲದ ಗ್ಯಾರೇಜನ್ನು ಅದೇ ನಗರದಲ್ಲಿ ಹುಡುಕಿ. ಅಲ್ಲಿರುವ ನಮ್ಮವರನ್ನು ಕೇಳಿದರೆ ಒಬ್ಬರಾದರೂ ದಾರಿ ತೋರುತ್ತಾರೆ. ಈ ಗುಂಪುಗಳಿರುವುದು ಅದಕ್ಕೇ. ಎಂಜಿನ್ ತಣ್ಣಗಿರುವಾಗಲೇ ಸ್ಟಾರ್ಟ್ ಮಾಡಿಸಿ, ಎಲ್ಲ ಕಂಪ್ಯೂಟರ್‌ಗಳ ಸ್ಕ್ಯಾನ್, ಬಣ್ಣದ ದಪ್ಪದ ಅಳತೆ, ಕಂಪ್ರೆಶನ್ ಪರೀಕ್ಷೆ, ಲಿಫ್ಟ್ ಮೇಲೆ ಅಡಿಭಾಗದ ಫೋಟೊ, ಸರ್ವಿಸ್ ದಾಖಲೆಯ ಹೋಲಿಕೆ ಕೇಳಿ. ಟೈರಿನ ಪಕ್ಕದಲ್ಲಿರುವ ನಾಲ್ಕು ಅಂಕಿ ನೋಡಿ: 2319 ಎಂದರೆ 2019ರ 23ನೇ ವಾರದ ಟೈರ್. ಟೋಕನ್ ಕೊಡಲೇಬೇಕಾದರೆ ‘ಪರಿಶೀಲನೆಯಲ್ಲಿ ತೃಪ್ತಿಯಾಗದಿದ್ದರೆ ಪೂರ್ತಿ ವಾಪಸ್’ ಎಂದು ಬರವಣಿಗೆಯಲ್ಲಿ ಪಡೆದು ಕೊಡಿ. ಇದಕ್ಕೆಲ್ಲ ತಗಲುವುದು ಕೆಲವು ಸಾವಿರ ರೂಪಾಯಿ ಮತ್ತು ಒಂದು ದಿನ. ದೋಷ ಕಂಡರೂ ಕಾರು ಬಿಡಲೇಬೇಕೆಂದಿಲ್ಲ, ಅದೇ ವರದಿ ಹಿಡಿದು ಬೆಲೆ ಇಳಿಸಬಹುದು. ಪರಿಶೀಲನೆಗೇ ಒಪ್ಪದಿದ್ದರೆ ಮಾತ್ರ ಅಲ್ಲಿಂದ ಎದ್ದು ಬರುವುದೇ ಸರಿ.

ಹಣದ ಮಾತು ಹಾಗಿರಲಿ. ಅಪಘಾತದಲ್ಲಿ ಬಿಚ್ಚಿಕೊಂಡ ಏರ್‌ಬ್ಯಾಗನ್ನು ಮತ್ತೆ ಹಾಕದೆ ಮುಚ್ಚಳ ಅಂಟಿಸಿ, ದೀಪ ಹತ್ತದಂತೆ ಮಾಡಿ ಮಾರುವವರಿದ್ದಾರೆ. ಯುಗಾದಿಗೋ ದೀಪಾವಳಿಗೋ ಅಂಥ ಕಾರಿನಲ್ಲಿ ಹೆಂಡತಿ ಮಕ್ಕಳನ್ನು ಕೂರಿಸಿಕೊಂಡು ಖಂಬಾಟಕಿ ಘಾಟಿ ಇಳಿದು ಊರಿಗೆ ಹೋಗುವವರು ನಾವೇ. ಈ ಕಾರು ತಪ್ಪಿದರೆ ಮುಂದಿನ ತಿಂಗಳು ಇನ್ನೊಂದು ಬರುತ್ತದೆ. ಲಿಫ್ಟ್‌ಗೆ ಏರದ ಕಾರು ನಮ್ಮ ಹೆಸರಿಗೆ ಆಗುವುದು ಬೇಡ.