ಕಿವಿಯಿಂದ ನಾಲಗೆಗೆ: ಫೋರ್ಟಿನ ರಾತ್ರಿಶಾಲೆಗಳೂ ಇಂಗ್ಲಿಷೂ

ಫೋರ್ಟಿನಲ್ಲಿ ಕೋಟೆಯಿಲ್ಲ. 1860ರ ದಶಕದಲ್ಲಿಯೇ ಅದರ ಗೋಡೆಗಳನ್ನು ಕೆಡವಿದರು. ಬಾಗಿಲುಗಳು ಚರ್ಚ್‌ಗೇಟ್, ಬಜಾರ್‌ಗೇಟ್ ಎಂಬ ಹೆಸರುಗಳಾಗಿ ಮಾತ್ರ ಉಳಿದವು. ಕರಾವಳಿಯಿಂದ ಬಂದ ಕನ್ನಡಿಗರಿಗೆ ಮಾತ್ರ ಈ ಬಾಗಿಲುಗಳು ಬೇರೊಂದು ಅರ್ಥದಲ್ಲಿ ತೆರೆದೇ ಇದ್ದವು. ಹಗಲೆಲ್ಲ ಕ್ಯಾಂಟೀನಿನಲ್ಲಿ ಲೋಟ ತೊಳೆದು, ಕಚೇರಿಗಳ ಮೇಜಿನಿಂದ ಮೇಜಿಗೆ ಚಹಾ ಹೊತ್ತು, ಸಂಜೆಯಾದೊಡನೆ ಕೈಕಾಲು ತೊಳೆದು ಪುಸ್ತಕ ಹಿಡಿದು ಹೊರಡುತ್ತಿದ್ದ ಹುಡುಗರ ಪೇಟೆ ಇದು. ಮೊಗವೀರ ವ್ಯವಸ್ಥಾಪಕ ಮಂಡಳಿ 1902ರಲ್ಲಿ ಹುಟ್ಟಿತು. 1908ರ ಹೊತ್ತಿಗಾಗಲೇ ಅದರ ಉಚಿತ ರಾತ್ರಿಶಾಲೆ ಆರಂಭವಾಗಿತ್ತು. ಅನಂತರ ಇನ್ನೂ ಹಲವು ಕನ್ನಡ ರಾತ್ರಿಶಾಲೆಗಳು ಈ ನಗರದಲ್ಲಿ ಬೆಳೆದವು. ಮುಂಬಯಿ ಕನ್ನಡಿಗರಲ್ಲಿ ಬ್ಯಾಂಕಿನ ಅಧಿಕಾರಿಗಳು, ವಕೀಲರು, ಹೋಟೆಲಿನ ಒಡೆಯರು ಎನಿಸಿಕೊಂಡ ಎಷ್ಟೋ ಮಂದಿ ಆ ಹಳದಿ ಬಲ್ಬಿನ ಬೆಳಕಿನಲ್ಲಿ ಅಕ್ಷರ ಕಂಡವರು. ನಮ್ಮ ಬಳಗದಲ್ಲಿಯೂ ಅಂಥವರಿದ್ದಾರೆ. ಈ ಲೇಖನದ ಹಿಂದೆ ಇರುವುದು ಅವರ ನೆನಪು.

ಅವರು ಹೇಳುವ ಒಂದು ಸಂಗತಿ ನಮ್ಮನ್ನು ಬಹುದಿನಗಳಿಂದ ಕಾಡುತ್ತಿದೆ. ಹದಿಮೂರು ಹದಿನಾಲ್ಕರ ಹುಡುಗನೊಬ್ಬ ಮನೆಯಲ್ಲಿ ತುಳು, ಶಾಲೆಯಲ್ಲಿ ಕನ್ನಡ ಇಷ್ಟನ್ನೇ ಕಟ್ಟಿಕೊಂಡು ಮುಂಬಯಿಗೆ ಇಳಿಯುತ್ತಾನೆ. ಆರು ತಿಂಗಳು ಕಳೆಯುವುದರೊಳಗೆ ಗಿರಾಕಿಯೊಂದಿಗೆ ಹಿಂದಿಯಲ್ಲಿ ಚೌಕಾಶಿ ಮಾಡುತ್ತಾನೆ, ಗುಜರಾತಿ ಸೇಠರ ಲೆಕ್ಕ ಕೇಳಿಸಿಕೊಳ್ಳುತ್ತಾನೆ, ಪಾಲಿಕೆಯ ಗುಮಾಸ್ತನಿಗೆ ಮರಾಠಿಯಲ್ಲಿ ಉತ್ತರ ಕೊಡುತ್ತಾನೆ. ಈ ಮೂರರಲ್ಲಿ ಒಂದಕ್ಕಾದರೂ ಅವನಿಗೆ ಮೇಷ್ಟರಿರಲಿಲ್ಲ, ವ್ಯಾಕರಣವಿರಲಿಲ್ಲ, ಪರೀಕ್ಷೆಯಿರಲಿಲ್ಲ. ಮೇಷ್ಟರೂ ವ್ಯಾಕರಣವೂ ಪರೀಕ್ಷೆಯೂ ಇದ್ದ ಭಾಷೆ ಒಂದೇ: ಇಂಗ್ಲಿಷ್. ವರ್ಷಗಟ್ಟಲೆ ಕಲಿತರೂ ನಾಲಗೆಗೆ ಬಾರದೆ ಉಳಿದದ್ದೂ ಅದೊಂದೇ.

ಇಂಗ್ಲಿಷ್ ಕಠಿಣ ಭಾಷೆಯೆಂದು ಹೇಳಿ ಕೈತೊಳೆದುಕೊಳ್ಳುವುದು ಸುಲಭ. ಆದರೆ ಮರಾಠಿಯ ಮೂರು ಲಿಂಗಗಳೇನು ಸರಳವೇ? ವ್ಯತ್ಯಾಸವಿರುವುದು ದಾರಿಯಲ್ಲಿ. ಉಳಿದ ಭಾಷೆಗಳು ಕಿವಿಯಿಂದ ನಾಲಗೆಗೆ ಬಂದವು. ಇಂಗ್ಲಿಷ್ ಕಣ್ಣಿನಿಂದ ಕೈಗೆ ಹೋಯಿತು. ಪಾಠವನ್ನು ಮೇಷ್ಟರು ಓದುವುದು, ಸಾಲುಸಾಲಾಗಿ ಕನ್ನಡದಲ್ಲಿ ಅರ್ಥ ಹೇಳುವುದು, ಹಲಗೆಯ ಮೇಲಿನ ಪ್ರಶ್ನೋತ್ತರಗಳನ್ನು ಹುಡುಗರು ಇಳಿಸಿಕೊಳ್ಳುವುದು, ಬಾಯಿಪಾಠ ಮಾಡುವುದು. ಮೇಷ್ಟರನ್ನು ದೂರಲು ನಮಗೆ ಮನಸ್ಸಿಲ್ಲ. ಅವರಲ್ಲಿ ಬಹುಮಂದಿ ಹಗಲು ಇನ್ನೊಂದು ಶಾಲೆಯಲ್ಲಿಯೋ ಕಚೇರಿಯಲ್ಲಿಯೋ ದುಡಿದು ಬಂದವರು. ಎದುರಿಗೆ ಕುಳಿತವರು ನಿದ್ದೆಯೊಂದಿಗೆ ಹೋರಾಡುತ್ತಿದ್ದವರು. ಇದ್ದ ಎರಡು ಎರಡೂವರೆ ಗಂಟೆಯಲ್ಲಿ ಎಲ್ಲ ವಿಷಯಗಳೂ ಮುಗಿಯಬೇಕು. ಪರೀಕ್ಷೆಯಂತೂ ಬರೆಯುವ ಪರೀಕ್ಷೆ.

ಈ ದಾರಿಯ ಹಿಂದೆ ಒಂದು ತತ್ತ್ವವೂ ಇತ್ತೆಂಬುದನ್ನು ಮರೆಯಬಾರದು. ಬಂಗಾಳದಲ್ಲಿ ಶಿಕ್ಷಣಾಧಿಕಾರಿಯಾಗಿದ್ದ ಮೈಕೆಲ್ ವೆಸ್ಟ್ ಎಂಬಾತ 1926ರಲ್ಲಿ ಪ್ರಕಟವಾದ ದ್ವಿಭಾಷಿಕತೆಯ ಮೇಲಿನ ತನ್ನ ಗ್ರಂಥದಲ್ಲಿ, ಭಾರತದ ಸಾಮಾನ್ಯ ವಿದ್ಯಾರ್ಥಿಗೆ ಇಂಗ್ಲಿಷನ್ನು ಮಾತನಾಡುವುದಕ್ಕಿಂತ ಓದಿ ತಿಳಿಯುವುದು ಹೆಚ್ಚು ಅಗತ್ಯವೆಂದು ವಾದಿಸಿದ್ದ. ಹಳ್ಳಿಯ ಹುಡುಗನಿಗೆ ಇಂಗ್ಲಿಷಿನಲ್ಲಿ ಮಾತನಾಡಲು ಸಿಗುವವರಾದರೂ ಯಾರು ಎಂಬುದು ಅಂದಿಗೆ ನ್ಯಾಯವಾದ ಪ್ರಶ್ನೆಯೇ. ಫೋರ್ಟಿನ ಹುಡುಗನಿಗೆ ಆ ಪ್ರಶ್ನೆ ಅನ್ವಯಿಸುತ್ತಿರಲಿಲ್ಲ. ಅವನು ಚಹಾ ಕೊಡುತ್ತಿದ್ದ ಕಚೇರಿಯಲ್ಲಿ ದಿನವಿಡೀ ಇಂಗ್ಲಿಷೇ ಕಿವಿಗೆ ಬೀಳುತ್ತಿತ್ತು. ಆದರೂ ಅವನ ತರಗತಿಗೆ ಆ ಮಾತು ಬರಲೇ ಇಲ್ಲ.

ನಮ್ಮ ಹಿರಿಯರೊಬ್ಬರು ತಮ್ಮ ಮೌಖಿಕ ಪರೀಕ್ಷೆಯ ಕಥೆಯನ್ನು ಈಗಲೂ ನಗುತ್ತ ಹೇಳುತ್ತಾರೆ. ಪರೀಕ್ಷಕರು ಸೌಜನ್ಯದಿಂದಲೇ, ಈ ದಿನ ಇಲ್ಲಿಗೆ ಹೇಗೆ ಬಂದೆ ಎಂದು ಇಂಗ್ಲಿಷಿನಲ್ಲಿ ಕೇಳಿದರಂತೆ. ಇವರಿಗೆ ಕೇಳಿಸಿದ್ದು ಒಂದು ಸದ್ದು ಮಾತ್ರ. ಬಾಯಿಪಾಠ ಮಾಡಿಕೊಂಡು ಹೋಗಿದ್ದ ‘ನನ್ನ ಹುಟ್ಟೂರು’ ಪ್ರಬಂಧವನ್ನು ಮೊದಲಿನಿಂದ ಕೊನೆಯವರೆಗೆ ಒಪ್ಪಿಸಿಬಿಟ್ಟರು. ಪರೀಕ್ಷಕರು ತಡೆಯಲಿಲ್ಲ. ಅಂಕವೂ ಬಂತು. ‘ಅಂಕ ಬಂದದ್ದೇ ಅನ್ಯಾಯ’ ಎನ್ನುತ್ತಾರೆ ಅವರು. ನಗುವಿನ ಹಿಂದಿನ ಕಹಿ ನಮಗೆ ತಿಳಿಯದ್ದಲ್ಲ. ಮುಂದೆ ಎಷ್ಟೋ ವರ್ಷ ದೂರವಾಣಿ ಸದ್ದು ಮಾಡಿದರೆ ಅವರು ಪಕ್ಕದವರ ಮುಖ ನೋಡುತ್ತಿದ್ದರು.

ಈ ಮೌಖಿಕ ಪರೀಕ್ಷೆಯ ಗತಿಯೂ ವಿಚಿತ್ರವಾದದ್ದು. ಮಹಾರಾಷ್ಟ್ರದ ಹತ್ತನೆಯ ತರಗತಿಯಲ್ಲಿ ಭಾಷೆಗಳಿಗೆ ಮೀಸಲಾಗಿದ್ದ 20 ಆಂತರಿಕ ಅಂಕಗಳನ್ನು 2019ರ ಪರೀಕ್ಷೆಯಲ್ಲಿ ಕೈಬಿಟ್ಟರು. ಹಿಂದಿನ ವರ್ಷ ಶೇಕಡಾ 89.41ರಷ್ಟಿದ್ದ ಫಲಿತಾಂಶ ಆ ವರ್ಷ 77.10ಕ್ಕೆ ಇಳಿಯಿತು, ಗದ್ದಲವೆದ್ದಿತು, ಅಂಕಗಳು ಮರಳಿ ಬಂದವು. ಆ ಚರ್ಚೆಯಲ್ಲೆಲ್ಲ ಶೇಕಡಾವಾರಿನ ಮಾತೇ ಮೇಲಾಯಿತು. ಮಕ್ಕಳು ನಿಜಕ್ಕೂ ಕೇಳಿಸಿಕೊಂಡು ಮಾತನಾಡುತ್ತಿದ್ದಾರೆಯೇ ಎಂಬುದು ಎಲ್ಲೋ ಅಂಚಿಗೆ ಸರಿಯಿತು.

ಇದನ್ನು ಈಗ ಎತ್ತಿಕೊಳ್ಳಲು ಕಾರಣವಿದೆ. ಮುಂಬಯಿಯ ಕನ್ನಡ ಮಾಧ್ಯಮದ ಶಾಲೆಗಳು, ಹಗಲಿನವೂ ರಾತ್ರಿಯವೂ, ಬರಿದಾಗುತ್ತಿವೆ. ಯಾವ ತಂದೆತಾಯಿಯನ್ನು ಕೇಳಿದರೂ ಸಿಗುವ ಉತ್ತರ ಒಂದೇ: ‘ಮಗುವಿಗೆ ಇಂಗ್ಲಿಷ್ ಮಾತನಾಡಲು ಬರಬೇಕಲ್ಲ?’ ನಾವು ಇದಕ್ಕೆ ರಾಜ್ಯೋತ್ಸವದ ಭಾಷಣದಿಂದ ಉತ್ತರಿಸುತ್ತ ಬಂದಿದ್ದೇವೆ. ತಾಯ್ನುಡಿಯ ಹಿರಿಮೆಯನ್ನು ಹೇಳಿದ್ದೇವೆ. ಹಾಗೆ ಹೇಳಿದವರಲ್ಲಿ ಅನೇಕರ ಮೊಮ್ಮಕ್ಕಳು ಎಲ್ಲಿ ಓದುತ್ತಿದ್ದಾರೆಂಬುದು ಎಲ್ಲರಿಗೂ ಗೊತ್ತು, ಇರಲಿ. ನಮ್ಮ ಅಭಿಪ್ರಾಯದಲ್ಲಿ ಪೋಷಕರ ಬಯಕೆ ತಪ್ಪಲ್ಲ, ಅವರು ಹಿಡಿದ ಉಪಾಯ ತಪ್ಪು. ಮಾಧ್ಯಮ ಬದಲಾದ ಮಾತ್ರಕ್ಕೆ ಮಗು ಮಾತನಾಡುವುದಿಲ್ಲ. ಇಂಗ್ಲಿಷ್ ಮಾಧ್ಯಮದ ಅಗ್ಗದ ಶಾಲೆಗಳಲ್ಲಿಯೂ ನಡೆಯುವುದು ಅದೇ ಬಾಯಿಪಾಠ, ವಿಜ್ಞಾನವನ್ನೂ ಸೇರಿಸಿಕೊಂಡು. ಮಹಾರಾಷ್ಟ್ರದಲ್ಲಿ 2000ದಿಂದಲೇ ಎಲ್ಲ ಮಾಧ್ಯಮದ ಶಾಲೆಗಳಲ್ಲಿ ಮೊದಲ ತರಗತಿಯಿಂದ ಇಂಗ್ಲಿಷ್ ಇದೆ. ಕನ್ನಡ ಶಾಲೆಯ ಮಗುವಿಗೆ ಹತ್ತು ವರ್ಷಗಳ ಕಾಲ ದಿನಕ್ಕೊಂದು ಇಂಗ್ಲಿಷ್ ಅವಧಿ ಸಿಗುತ್ತದೆಂದಾಯಿತು. ಆ ಅವಧಿಯಲ್ಲಿ ಏನು ನಡೆಯಬೇಕೆಂಬುದೇ ನಿಜವಾದ ಪ್ರಶ್ನೆ.

ಮೊದಲು ಕಿವಿ. ಕನ್ನಡದ ಕಿವಿ ಹ್ರಸ್ವದೀರ್ಘಗಳಲ್ಲಿ ಪಳಗಿದ್ದು. ನಮ್ಮ ಲಘುಗುರುಗಳು ಕಾಲವನ್ನು ಅಳೆಯುತ್ತವೆ. ಇಂಗ್ಲಿಷ್ ಅಳೆಯುವುದು ಒತ್ತನ್ನು. ಒತ್ತು ಬಿದ್ದ ಅಕ್ಷರ ಎದ್ದು ನಿಲ್ಲುತ್ತದೆ, ಉಳಿದವು ಮುದುಡಿಕೊಳ್ಳುತ್ತವೆ. ಆದ್ದರಿಂದಲೇ ಪುಟದ ಮೇಲೆ ಗುರುತಿಸಬಲ್ಲ ಪದ ಕಿವಿಗೆ ಬಿದ್ದಾಗ ಅಪರಿಚಿತವಾಗುತ್ತದೆ. ‘ಫೋಟೋಗ್ರಾಫ್’ ಎಂಬಲ್ಲಿ ಮೊದಲಕ್ಷರಕ್ಕೆ ಇದ್ದ ಒತ್ತು ‘ಫಟಾಗ್ರಫರ್’ ಆಗುವಾಗ ಎರಡನೆಯದಕ್ಕೆ ಜಿಗಿಯುತ್ತದೆ, ಸ್ವರಗಳೇ ಬದಲಾಗುತ್ತವೆ. ‘ಬರಬಲ್ಲೆ’ ಎನ್ನುವಾಗ ‘ಐ ಕನ್ ಕಮ್’ ಎಂದು ತೇಲಿಸಿ, ‘ಬರಲಾರೆ’ ಎನ್ನುವಾಗ ‘ಐ ಕಾಂಟ್ ಕಮ್’ ಎಂದು ಒತ್ತಿ ಹೇಳುತ್ತಾರೆ. ಕೊನೆಯ ‘ಟ್’ ಹಲವೊಮ್ಮೆ ಕೇಳಿಸುವುದೇ ಇಲ್ಲ. ಅದಕ್ಕಾಗಿ ಕಾಯುವ ನಮ್ಮ ಹುಡುಗ ತಪ್ಪು ತಿಳಿಯುತ್ತಾನೆ. ಹದಿನೈದಕ್ಕೂ ಐವತ್ತಕ್ಕೂ ಇರುವ ಅಂತರವೂ ಒತ್ತಿನದೇ: ‘ಫಿಫ್ಟೀನ್’ ಎಂಬುದರ ತೂಕ ಸಾಮಾನ್ಯವಾಗಿ ಕೊನೆಯಲ್ಲಿ, ‘ಫಿಫ್ಟಿ’ ಎಂಬುದರದು ಮೊದಲಲ್ಲಿ. ಹೋಟೆಲಿನ ಗಲ್ಲಾಪೆಟ್ಟಿಗೆಯ ಮುಂದೆ ನಿಂತವರಿಗೆ ಇದು ಮೂವತ್ತೈದು ರೂಪಾಯಿಯ ಪ್ರಶ್ನೆ.

ಇದನ್ನು ಕಲಿಸಲು ಪ್ರಯೋಗಶಾಲೆ ಬೇಕಿಲ್ಲ. ಅಧ್ಯಾಪಕರು ಬಿಲ್ಲಿನ ಮೊತ್ತಗಳನ್ನು ವೇಗವಾಗಿ ಹೇಳುತ್ತ ಹೋಗಲಿ, ಮಕ್ಕಳು ಅಂಕೆ ಬರೆದುಕೊಂಡು ಕೊನೆಗೆ ಕೂಡಲಿ. ಮೊತ್ತ ತಪ್ಪಿದವನಿಗೆ ಎಲ್ಲಿ ತಪ್ಪಿತೆಂದು ತಾನೇ ಹುಡುಕುವ ಹಟ ಬರುತ್ತದೆ. ಚಪ್ಪಾಳೆಯಿಂದ ಒತ್ತನ್ನು ಗುರುತಿಸಬಹುದು. ತಾಳ ಹಾಕುವುದು ನಮ್ಮ ಮಕ್ಕಳಿಗೆ ಹೊಸದೇನಲ್ಲ. ಒಂದು ಪುಟ್ಟ ಕಥೆಯನ್ನು ಸಹಜ ವೇಗದಲ್ಲಿ ಎರಡು ಸಲ ಓದಿ, ಜೋಡಿಜೋಡಿಯಾಗಿ ಕುಳಿತವರು ನೆನಪಿನಿಂದ ಅದನ್ನು ಮತ್ತೆ ಕಟ್ಟುವಂತೆ ಮಾಡಬಹುದು. ಲೋಕಲ್ ಗಾಡಿಯಲ್ಲಿ ಮುಂದಿನ ನಿಲ್ದಾಣವನ್ನು ಮರಾಠಿ, ಹಿಂದಿ, ಇಂಗ್ಲಿಷ್ ಮೂರರಲ್ಲಿಯೂ ಸಾರುತ್ತಾರೆ. ಗೊತ್ತಿರುವ ಎರಡು ಭಾಷೆಗಳ ಬೆನ್ನಿಗೇ ಕಲಿಯುತ್ತಿರುವ ಮೂರನೆಯದು ಬರುವ ಇಂಥ ಪಾಠ ದಿನಕ್ಕೆರಡು ಸಲ ಟಿಕೇಟಿನೊಂದಿಗೆ ಪುಕ್ಕಟೆಯಾಗಿ ದೊರಕುತ್ತದೆ. ಅಮೆರಿಕದ ‘ವಾಯ್ಸ್ ಆಫ್ ಅಮೆರಿಕ’ ಬಾನುಲಿ 1959ರಲ್ಲಿಯೇ ನಿಧಾನಗತಿಯ, ಸುಮಾರು ಸಾವಿರದೈನೂರು ಪದಗಳ ಇಂಗ್ಲಿಷಿನಲ್ಲಿ ವಾರ್ತೆ ಪ್ರಸಾರ ಮಾಡಲು ಆರಂಭಿಸಿತ್ತು. ಇಂದು ಮೊಬೈಲಿನಲ್ಲಿ ಯಾವ ಧ್ವನಿಯನ್ನಾದರೂ ನಿಧಾನಿಸಬಹುದು. ಸಾಧನದ ಬಗ್ಗೆ ಇದಕ್ಕಿಂತ ಹೆಚ್ಚು ಹೇಳಬೇಕಿಲ್ಲ.

ಕೇಳುವುದರಿಂದ ಮಾತಿಗೆ ದಾಟುವ ಬಗೆ ಹೇಗೆ? ಇಲ್ಲಿ ನಮ್ಮ ನಾಡಿನದೇ ಒಂದು ಪ್ರಯೋಗ ನೆನಪಾಗುತ್ತದೆ. ಎನ್.ಎಸ್. ಪ್ರಭು ಅವರು ಬೆಂಗಳೂರಿನ ಪ್ರಾದೇಶಿಕ ಇಂಗ್ಲಿಷ್ ಸಂಸ್ಥೆಯ ಆಶ್ರಯದಲ್ಲಿ 1979ರಿಂದ 1984ರವರೆಗೆ ದಕ್ಷಿಣ ಭಾರತದ ಕೆಲವು ಸಾಮಾನ್ಯ ಶಾಲೆಗಳಲ್ಲಿ ನಡೆಸಿದ ಯೋಜನೆ ಜಗತ್ತಿನ ಭಾಷಾಬೋಧನೆಯ ಪುಸ್ತಕಗಳಲ್ಲೆಲ್ಲ ‘ಬೆಂಗಳೂರು ಪ್ರಾಜೆಕ್ಟ್’ ಎಂದೇ ಹೆಸರಾಗಿದೆ. ಕನ್ನಡಿಗರಲ್ಲಿಯೇ ಅದನ್ನು ಬಲ್ಲವರು ಕಡಿಮೆ. ವ್ಯಾಕರಣವನ್ನು ಪಾಠಕ್ರಮವಾಗಿ ಮುಂದಿಡದೆ, ಒಂದೊಂದು ದಿನಕ್ಕೆ ಬಿಡಿಸಬೇಕಾದ ಒಂದೊಂದು ಸಮಸ್ಯೆ ಕೊಡುವುದು ಅವರ ಕ್ರಮ: ರೈಲಿನ ವೇಳಾಪಟ್ಟಿ, ಊರಿನ ನಕ್ಷೆ, ಇಂಥವು. ಮೊದಲು ಅಧ್ಯಾಪಕರು ಇಡೀ ತರಗತಿಯೊಂದಿಗೆ ಒಂದು ಸಮಸ್ಯೆಯನ್ನು ಇಂಗ್ಲಿಷಿನಲ್ಲಿ ಮಾತನಾಡುತ್ತಲೇ ಬಿಡಿಸುವರು; ಅನಂತರ ಅದೇ ಬಗೆಯ ಇನ್ನೊಂದನ್ನು ಮಕ್ಕಳು ತಾವೇ ಬಿಡಿಸಬೇಕು. ಮಕ್ಕಳ ಗಮನ ಉತ್ತರದ ಮೇಲೆ, ಭಾಷೆಯ ಮೇಲಲ್ಲ. ಅವರು ಬಹಳ ಕೇಳಿ ಸ್ವಲ್ಪ ಆಡಿದರೂ ಪ್ರಭು ಆತುರಪಡಲಿಲ್ಲ. ಹೊರಗಿನ ತಜ್ಞರು ಮಾಡಿದ ಮೌಲ್ಯಮಾಪನ ಈ ಯೋಜನೆಗೆ ಷರತ್ತಿನ ಮೆಚ್ಚುಗೆಯನ್ನಷ್ಟೇ ಕೊಟ್ಟಿತೆಂಬುದನ್ನೂ ಹೇಳಬೇಕು; ಅದು ಪವಾಡವೇನಲ್ಲ.

ಆದರೆ ವೇಳಾಪಟ್ಟಿಯ ಪಾಠಕ್ಕೆ ಛತ್ರಪತಿ ಶಿವಾಜಿ ಮಹಾರಾಜ್ ಟರ್ಮಿನಸ್ಸಿನ ನೆರಳಿನಲ್ಲಿರುವ ಶಾಲೆಗಿಂತ ತಕ್ಕ ಜಾಗವಾದರೂ ಯಾವುದು? ಒಂಬತ್ತೂವರೆಗೆ ತರಗತಿ ಬಿಡುತ್ತದೆ. ನಿಲ್ದಾಣಕ್ಕೆ ಹತ್ತು ನಿಮಿಷದ ನಡಿಗೆ. ಮನೆ ವಿಕ್ರೋಳಿಯಲ್ಲಿ, ಫಾಸ್ಟ್ ಗಾಡಿ ಅಲ್ಲಿ ನಿಲ್ಲುವುದಿಲ್ಲ. ಘಾಟ್‌ಕೋಪರಿನಲ್ಲಿ ಇಳಿದು ಬದಲಾಯಿಸಿದರೆ ಬೇಗ ಮುಟ್ಟಬಹುದೇ, ಸ್ಲೋ ಗಾಡಿಯಲ್ಲಿಯೇ ಕುಳಿತಿರುವುದು ಲೇಸೇ? ಇದನ್ನು ಇಂಗ್ಲಿಷಿನಲ್ಲಿ ಕೇಳಿ ನೋಡಿ. ತೂಕಡಿಸುತ್ತಿದ್ದ ಹುಡುಗ ಎಚ್ಚರಗೊಂಡು ಅಧ್ಯಾಪಕರನ್ನೇ ತಿದ್ದುತ್ತಾನೆ. ತಿದ್ದುವಾಗ ಕ್ರಿಯಾಪದ ತಪ್ಪಿದರೆ ತಪ್ಪಲಿ. ವಾಕ್ಯ ಮುಗಿಯುವ ಮುನ್ನವೇ ಅಡ್ಡಬಾಯಿ ಹಾಕಿ ಸರಿಪಡಿಸುವ ನಮ್ಮ ಚಟ ಎಷ್ಟು ನಾಲಗೆಗಳನ್ನು ಕಟ್ಟಿಹಾಕಿದೆಯೋ ಲೆಕ್ಕವಿಲ್ಲ. ಅವನ ಮಾತಿನ ಸರಿಯಾದ ರೂಪವನ್ನು ಅಧ್ಯಾಪಕರು ತಮ್ಮ ಮರುಮಾತಿನಲ್ಲಿ ಸಹಜವಾಗಿ ಬಳಸಿದರೆ ಸಾಕು.

ಇನ್ನೊಂದು ಉಪಾಯವನ್ನು ನಾವು ಪರದೇಶದ ಪುಸ್ತಕಗಳಿಂದ ತರಬೇಕಾಗಿಲ್ಲ. ನಮ್ಮ ಮಕ್ಕಳ ಅಜ್ಜಂದಿರು ಈ ನಗರದ ಸಭಾಗೃಹಗಳಲ್ಲಿ ಹೊತ್ತು ಮೀರುವವರೆಗೆ ಕುಳಿತು ಕೇಳಿದ ತಾಳಮದ್ದಳೆಯಲ್ಲಿ ಅದು ಇದೆ. ಅರ್ಥಧಾರಿಯ ಮುಂದೆ ಬರೆದ ಮಾತಿಲ್ಲ. ಭಾಗವತರು ಪದ ಹಾಡುತ್ತಾರೆ. ಅದರ ಕಥೆಯ ಎಳೆ ಹಿಡಿದು ಅವನು ಸ್ಥಳದಲ್ಲಿಯೇ ಮಾತು ಕಟ್ಟಬೇಕು. ಅದಕ್ಕಿಂತ ಮುಖ್ಯವಾಗಿ, ಎದುರಾಳಿ ಆಡಿದ ಮಾತನ್ನು ಕೇಳಿಸಿಕೊಳ್ಳದವನಿಗೆ ಅಲ್ಲಿ ಉಳಿವಿಲ್ಲ. ವಾಲಿ ಕೇಳುತ್ತಾನೆ, ಮರೆಯಲ್ಲಿ ನಿಂತು ಬಾಣ ಬಿಟ್ಟೆಯಲ್ಲ, ಇದು ಯಾವ ಧರ್ಮ? ರಾಮನಾದವನು ಬಾಯಿಪಾಠದ ಉತ್ತರ ಒಪ್ಪಿಸಿದರೆ ಸಭೆ ನಗುತ್ತದೆ. ಕೇಳುವುದೂ ಆಡುವುದೂ ಎರಡು ಬೇರೆ ಕೌಶಲಗಳೆಂದು ಪಠ್ಯಕ್ರಮದವರು ವಿಂಗಡಿಸುತ್ತಾರೆ. ಅರ್ಥಗಾರಿಕೆಯಲ್ಲಿ ಅವು ಒಂದೇ ಉಸಿರಿನ ಎರಡು ಭಾಗಗಳು.

ಇದನ್ನು ಇಂಗ್ಲಿಷ್ ಅವಧಿಗೆ ತರಲು ಕಷ್ಟವೇನಿದೆ? ಕಥೆ ಮಕ್ಕಳಿಗೆ ಗೊತ್ತು, ಆದ್ದರಿಂದ ಏನು ಹೇಳಲಿ ಎಂಬ ಚಿಂತೆಯಿಲ್ಲ. ಹೇಗೆ ಹೇಳಲಿ ಎಂಬುದಷ್ಟೇ ಉಳಿಯುತ್ತದೆ. ಅಧ್ಯಾಪಕರು ಭಾಗವತರಾಗಿ ನಾಲ್ಕೇ ವಾಕ್ಯಗಳಲ್ಲಿ ಸನ್ನಿವೇಶ ಹೇಳಲಿ. ಒಬ್ಬ ವಾಲಿ, ಒಬ್ಬ ರಾಮ. ಒಂದೇ ನಿಯಮ: ಎದುರಾಳಿಯ ಮಾತನ್ನು ತನ್ನ ಮಾತಿನಲ್ಲಿ ಒಮ್ಮೆ ಹೇಳಿ, ಅನಂತರವೇ ಉತ್ತರ ಕೊಡಬೇಕು. ಕೇಳದೆ ಆಡಲು ಅವಕಾಶವೇ ಇಲ್ಲದಂತೆ ಇದು ಕಟ್ಟಿಹಾಕುತ್ತದೆ. ಮೊದಲ ದಿನ ಮೂರು ಪದಗಳ ವಾಕ್ಯಗಳು ಬರಬಹುದು, ನಡುವೆ ತುಳುವೂ ನುಸುಳಬಹುದು. ನುಸುಳಲಿ. ಮಗು ಒಂದು ಪದಕ್ಕಾಗಿ ತಡವರಿಸಿದಾಗ ಕನ್ನಡದಲ್ಲಿ ಕೇಳಿ ಇಂಗ್ಲಿಷಿನಲ್ಲಿ ಪಡೆಯಬಹುದಾದದ್ದು ಕನ್ನಡ ಶಾಲೆಗೆ ಇರುವ ಅನುಕೂಲವೇ ಹೊರತು ಕೊರತೆಯಲ್ಲ. ದಂಡ ವಿಧಿಸಿ ತಾಯ್ನುಡಿಯನ್ನು ತಡೆಯುವ ಶಾಲೆಗಳಲ್ಲಿ ಮಕ್ಕಳು ಮೌನವನ್ನು ಕಲಿಯುತ್ತಾರೆ.

ಸಂಪ್ರದಾಯವನ್ನು ಇಂಗ್ಲಿಷಿನ ಕಾಲಿಗೆ ಕಟ್ಟುವುದೇ ಎಂದು ಕೆಲವು ಹಿರಿಯರು ಮುನಿಯಬಹುದು. ನಮಗೆ ಹಾಗೆ ಅನ್ನಿಸುವುದಿಲ್ಲ. ಇಂಗ್ಲಿಷಿನ ನೆಪದಲ್ಲಾದರೂ ವಾಲಿಯ ಪ್ರಶ್ನೆಯನ್ನು ಕೇಳಿದ ಮಗು, ನಾಳೆ ಅದನ್ನು ಕನ್ನಡದಲ್ಲಿ ಆಡುವವರ ಮುಂದೆ ಬಂದು ಕುಳಿತೀತು.

ಅಧ್ಯಾಪಕರೊಬ್ಬರೇ ಇದನ್ನೆಲ್ಲ ಮಾಡಲಿ ಎಂದು ಬಯಸುವುದು ಅನ್ಯಾಯ. ಹಗಲುಶಾಲೆಯಲ್ಲಿಯೂ ಕಲಿಸುತ್ತಿದ್ದವರನ್ನು 2017ರಲ್ಲಿ ರಾತ್ರಿಶಾಲೆಗಳಿಂದ ಬಿಡುಗಡೆ ಮಾಡಿದ ಸರಕಾರಿ ಆದೇಶದ ಬಳಿಕ ಅನುಭವಸ್ಥರ ಕೊರತೆ ಹೆಚ್ಚಿತು. ನಮ್ಮ ಬಳಗದಲ್ಲೋ, ಮೂವತ್ತು ನಲವತ್ತು ವರ್ಷ ಇಂಗ್ಲಿಷಿನಲ್ಲಿ ವ್ಯವಹರಿಸಿ ನಿವೃತ್ತರಾದವರು ಸಾಲುಸಾಲಾಗಿ ಇದ್ದಾರೆ. ವಾರಕ್ಕೊಂದು ಸಂಜೆ, ನಲವತ್ತು ನಿಮಿಷ, ಹತ್ತು ಮಕ್ಕಳೊಂದಿಗೆ ಕುಳಿತು ಮಾತನಾಡಲು ಅವರಿಗೆ ಪದವಿ ಪ್ರಮಾಣಪತ್ರ ಬೇಕಿಲ್ಲ. ಶುದ್ಧ ಲಂಡನ್ ಉಚ್ಚಾರವೂ ಬೇಕಿಲ್ಲ. ಮಕ್ಕಳು ನಾಳೆ ಮಾತನಾಡಬೇಕಾದದ್ದು ಮಲೆಯಾಳಿ, ಪಂಜಾಬಿ, ಬಂಗಾಳಿ ನಾಲಗೆಗಳ ಇಂಗ್ಲಿಷಿನೊಂದಿಗೆ. ಮೌಖಿಕ ಪರೀಕ್ಷೆಯಲ್ಲಿ ಹುಟ್ಟೂರನ್ನು ಒಪ್ಪಿಸಿದ ನಮ್ಮ ಹಿರಿಯರು ಮೊದಲ ಹೆಸರು ಕೊಟ್ಟಿದ್ದಾರೆ. ಬರುವವರು ಮಧ್ಯ ರೈಲ್ವೆಯ ಹೊಸ ವೇಳಾಪಟ್ಟಿಯೊಂದನ್ನು ಕೊಂಡು ತರಬೇಕೆಂಬುದು ಅವರ ಕೋರಿಕೆ; ಅವರ ಬಳಿ ಇರುವುದು ತೀರ ಹಳೆಯದಂತೆ.