ನಗರದಲ್ಲಿ ಬಿಡಾರ

ಶಾಲೆಗಳ ವಾರ್ಷಿಕ ಪರೀಕ್ಷೆಗಳು ಮುಗಿದವೆಂದರೆ ರೋಣ, ನರಗುಂದ, ಗಜೇಂದ್ರಗಡಗಳ ಅನೇಕ ಮನೆಗಳಲ್ಲಿ ಒಂದೇ ಚರ್ಚೆ ಏಳುತ್ತದೆ. ಮಗುವನ್ನು ಒಂದನೆಯ ಇಯತ್ತೆಗೆ ಎಲ್ಲಿ ಸೇರಿಸಬೇಕು, ಅದಕ್ಕಾಗಿ ಯಾವ ಊರಿನ ಯಾವ ಓಣಿಯಲ್ಲಿ ಬಾಡಿಗೆಯ ಮನೆ ಹಿಡಿಯಬೇಕು ಎಂಬುದೇ ಆ ಚರ್ಚೆ. ಇದು ಮನೆವಾರ್ತೆಯ ಮಾತೆಂದು ಪತ್ರಿಕೆಗಳು ಸಾಮಾನ್ಯವಾಗಿ ಇದರ ಗೋಜಿಗೆ ಹೋಗುವುದಿಲ್ಲ. ಆದರೆ ಒಂದು ಸೀಮೆಯ ಅಕ್ಷರಸ್ಥ ಕುಟುಂಬಗಳು ವರ್ಷ ವರ್ಷವೂ ಎಳೆಯ ಮಕ್ಕಳನ್ನು ಕಟ್ಟಿಕೊಂಡು ನಗರದ ದಾರಿ ಹಿಡಿಯುತ್ತಿರುವಾಗ, ಆ ನಿರ್ಧಾರವು ಎಂತಹ ವಿಚಾರದಿಂದ ಆಗುತ್ತಿದೆಯೆಂದು ಕೇಳುವುದು ಅನುಚಿತವಾಗಲಾರದು.

ನಾವು ಕಂಡ ಮಟ್ಟಿಗೆ, ಬಹುತೇಕ ಅದು ಬಡಾವಣೆಯ ಹೆಸರಿನಿಂದ ಆಗುತ್ತಿದೆ. ವಿದ್ಯಾನಗರವೆಂದರೆ ಬೀಗರಲ್ಲಿ ಒಂದು ಮಾನ, ಮಾಳಮಡ್ಡಿಯೆಂದರೆ ಇನ್ನೊಂದು ಮಾನ. ಹೆಸರಿಗೆ ಕೊಡುವ ಬಾಡಿಗೆಯು ಪ್ರತಿ ತಿಂಗಳೂ ಕೊಡಬೇಕಾದುದು. ಅದರ ಬದಲು ಮಗುವಿಗೆ ದೊರೆಯುವುದೇನೆಂದು ಲೆಕ್ಕ ಹಾಕಿದವರು ವಿರಳ.

ನಮ್ಮ ಮೂರು ಊರುಗಳಿಗೂ ಒಂದೇ ಉತ್ತರ ಸಲ್ಲದು. ನರಗುಂದದಿಂದ ಹುಬ್ಬಳ್ಳಿಗೆ ಸುಮಾರು 55 ಕಿಲೋಮೀಟರು. ಹೆದ್ದಾರಿಯು ನವಲಗುಂದ, ಕುಸುಗಲ್ಲುಗಳನ್ನು ಹಾಯ್ದು ಕೇಶ್ವಾಪುರದ ಮಗ್ಗುಲಿಗೆ ಬಂದು ಮುಟ್ಟುತ್ತದೆ. ನರಗುಂದದ ಕಚೇರಿಯಲ್ಲಿಯೋ ಪೇಟೆಯಲ್ಲಿಯೋ ಕೆಲಸವುಳ್ಳವನು ಆ ಕಡೆಯಲ್ಲಿ ಮನೆ ಹಿಡಿದರೆ ರಾತ್ರಿಯ ಊಟಕ್ಕೆ ಮಕ್ಕಳೊಡನೆ ಕುಳಿತಾನು. ಧಾರವಾಡದ ಸಪ್ತಾಪುರದಲ್ಲಿ ಹಿಡಿದರೆ ಮಕ್ಕಳು ಮಲಗಿದ ಮೇಲೆ ಮನೆ ಸೇರುವನು. ಅದಲ್ಲದೆ ಸಪ್ತಾಪುರವು ಸ್ಪರ್ಧಾತ್ಮಕ ಪರೀಕ್ಷೆಗಳ ಅಭ್ಯರ್ಥಿಗಳಿಂದ ತುಂಬಿದ ಭಾಗ. ಒಂದು ಕೋಣೆಗೆ ಮೂವರು ನಾಲ್ವರು ಕೂಡಿ ಹಣ ತೆರುವಲ್ಲಿ ಒಬ್ಬ ಮಾಸ್ತರನ ಸಂಸಾರವು ಪೈಪೋಟಿ ನಡೆಸುವುದು ಕಷ್ಟ.

ಗಜೇಂದ್ರಗಡದವರ ಸಂಗತಿ ಬೇರೆ. ಅಲ್ಲಿಗೆ ರೈಲಿಲ್ಲ, ಹುಬ್ಬಳ್ಳಿಯು ನೂರು ಕಿಲೋಮೀಟರಿಗೂ ಮಿಕ್ಕ ದೂರ. ಸಂಸಾರ ಹುಬ್ಬಳ್ಳಿಯಲ್ಲಿ, ದುಡಿಮೆ ಗಜೇಂದ್ರಗಡದಲ್ಲಿ ಎಂದರೆ ಎರಡು ಒಲೆ, ವಾರಕ್ಕೊಮ್ಮೆ ಕಾಣುವ ತಂದೆ. ಎಳೆಯ ಕೂಸಿರುವ ತಾಯಿಯು ಗುರುತಿಲ್ಲದ ಓಣಿಯಲ್ಲಿ ಒಂಟಿಯಾಗಿ ಸಂಸಾರ ತೂಗಿಸಬೇಕು. ರೋಣದ ಗೃಹಸ್ಥರಿಗೂ ಗಜೇಂದ್ರಗಡದವರಿಗೂ ಗದಗ-ಬೆಟಗೇರಿಯೇ ಹೆಚ್ಚು ವಿಹಿತವೆಂದು ನಮ್ಮ ಅಭಿಪ್ರಾಯ. ರೋಣದಿಂದ ಅಲ್ಲಿಗೆ ಸುಮಾರು 40 ಕಿಲೋಮೀಟರು ಮಾತ್ರ. ತಾಲೂಕಿನ ಹೊಳೆಆಲೂರಿನ ಕಡೆಯವರಿಗೆ ರೈಲಿನ ಅನುಕೂಲವೂ ಉಂಟು. ಹುಬ್ಬಳ್ಳಿಯ ಶಾಲೆಗಳ ಥಳಕು ಗದುಗಿನಲ್ಲಿಲ್ಲವೆಂದು ಆಕ್ಷೇಪಿಸುವವರಿದ್ದಾರೆ. ಆರು ವರ್ಷದ ಮಗುವಿಗೆ ಥಳಕಿಗಿಂತ ತಂದೆಯ ಸಾನ್ನಿಧ್ಯ ಮೇಲಲ್ಲವೆ?

ಹುಬ್ಬಳ್ಳಿ-ಧಾರವಾಡದಲ್ಲಿಯೇ ಇರಬೇಕಾದವರು ಶಾಲೆಯ ದೂರವನ್ನು ಮಗುವಿನ ಕಾಲಿನಿಂದ ಅಳೆಯತಕ್ಕದ್ದು. ಎರಡೂ ನಗರಗಳ ನಡುವಿನ ಸುಮಾರು 22 ಕಿಲೋಮೀಟರು ದಾರಿಯಲ್ಲಿ ಚಿಗರಿ ಬಸ್ಸುಗಳು ಓಡತೊಡಗಿದುದು 2018ರಲ್ಲಿ. ಅಂದಿನಿಂದ ನವನಗರ, ಉಣಕಲ್ಲುಗಳಂತಹ ನಡುದಾರಿಯ ಭಾಗಗಳು ದೂರವೆನಿಸುವುದಿಲ್ಲ. ಈ ಲಾಭವು ನಿಲುಗಡೆಗೆ ನಡೆದು ಹೋಗಬಲ್ಲವರಿಗೆ ಮಾತ್ರ ಎಂಬುದನ್ನು ಮರೆಯಬಾರದು. ಕಡ್ಡಾಯ ಶಿಕ್ಷಣ ಕಾಯದೆಯ ಮೇರೆಗೆ ಖಾಸಗಿ ಶಾಲೆಯಲ್ಲಿ ಬಿಟ್ಟಿ ಸೀಟು ಸಿಕ್ಕೀತೆಂಬ ಆಸೆಯಿಂದ ಓಣಿ ಆರಿಸುವವರಿಗೂ ಒಂದು ಎಚ್ಚರಿಕೆ. ಹತ್ತಿರದಲ್ಲಿ ಸರಕಾರಿ ಅಥವಾ ಅನುದಾನಿತ ಶಾಲೆ ಇದ್ದರೆ ಆ ಸೀಟು ಇಲ್ಲವೆಂದು ರಾಜ್ಯ ಸರಕಾರವು 2019ರ ಹೊತ್ತಿಗೆ ನಿಯಮ ತಿದ್ದಿದೆ. ನಗರದೊಳಗೆ ಅಂತಹ ಶಾಲೆಯಿಲ್ಲದ ಓಣಿ ಎಷ್ಟಿದ್ದಾವು!

ಇನ್ನು ನೀರು. ಮನೆ ತೋರಿಸುವವನು ಗಾರೆ, ಕಿಟಕಿ, ಅಡಿಗೆಮನೆಯ ಕಟ್ಟೆ ಎಲ್ಲವನ್ನೂ ತೋರಿಸುವನು. ನಲ್ಲಿಯಲ್ಲಿ ನೀರು ಎಷ್ಟು ದಿನಕ್ಕೊಮ್ಮೆ ಬರುತ್ತದೆಂದು ಕೇಳಿದರೆ ಮಾತ್ರ ಉತ್ತರ ತಡವಾಗುತ್ತದೆ. ನಿತ್ಯ ನಿರಂತರ ನೀರಿನ ಯೋಜನೆಯು 2008ರಲ್ಲಿಯೇ ಹುಬ್ಬಳ್ಳಿ ಧಾರವಾಡಗಳ ಕೆಲವು ವಾರ್ಡುಗಳಲ್ಲಿ ಪ್ರಯೋಗಕ್ಕೆ ಬಂದಿತು. ಉಳಿದ ಅನೇಕ ಭಾಗಗಳು ದಿನವೆಣಿಸುತ್ತ ಕಾಯುತ್ತಲೇ ಬಂದಿವೆ. ಹೀಗಾಗಿ ಒಂದು ರಸ್ತೆಯ ಆಚೆಗೆ ನಿರಂತರ ನೀರು, ಈಚೆಗೆ ಪಾತ್ರೆಗಳ ಸಾಲು ಎಂಬ ವಿಚಿತ್ರವು ಸಂಭವಿಸುತ್ತದೆ. ಗದಗಕ್ಕೆ ತುಂಗಭದ್ರೆಯ ನೀರು. ಅಲ್ಲಿಯೂ ಸರದಿಯ ಕಷ್ಟ ಹಗುರವಲ್ಲ. ಕೂಸಿನ ಬಟ್ಟೆ ನಿತ್ಯ ಒಗೆಯಬೇಕಾದ ಮನೆಯಲ್ಲಿ ಟಾಕಿಯ ಅಳತೆಯು ಹಜಾರದ ಅಳತೆಗಿಂತ ಮುಖ್ಯ.

ನರಗುಂದದವರಿಗೆ ಇದರಲ್ಲಿ ಒಂದು ವಿಶೇಷ ವ್ಯಥೆಯುಂಟು. ಅವಳಿ ನಗರಕ್ಕೆ ಮುಖ್ಯವಾಗಿ ನೀರೂಡುವುದು ಸವದತ್ತಿಯ ಹತ್ತಿರ ನವಿಲುತೀರ್ಥದಲ್ಲಿ ಕಟ್ಟಿದ ಮಲಪ್ರಭೆಯ ಜಲಾಶಯ. ನರಗುಂದದ ಕಾಲುವೆಗೆ ಬರಬೇಕಾದ ನೀರೂ ಅದೇ. ಆ ಕಾಲುವೆಯ ಕೆಳಗಿನ ಬೆಟರ್ಮೆಂಟ್ ಲೆವಿಯನ್ನು ವಿರೋಧಿಸಿ ನರಗುಂದ ನವಲಗುಂದಗಳ ರೈತರು 1980ರ ಜುಲೈಯಲ್ಲಿ ಗುಂಡಿಗೆ ಎದೆಗೊಟ್ಟರು. ಮಲಪ್ರಭೆಗೆ ಕಳಸಾ-ಬಂಡೂರಿಯ ನೀರು ಕೂಡಿಸಬೇಕೆಂದು 2015ರಲ್ಲಿ ಧರಣಿ ಕುಳಿತವರೂ ನರಗುಂದದವರೇ. ಆ ಯೋಜನೆಯು ಕುಡಿಯುವ ನೀರಿಗಾಗಿ ಉದ್ದೇಶಿತವಾದುದು, ಹುಬ್ಬಳ್ಳಿ-ಧಾರವಾಡಗಳಿಗೂ ಸೇರಿದ್ದು. 2018ರ ಆಗಸ್ಟಿನಲ್ಲಿ ಮಹದಾಯಿ ನ್ಯಾಯಾಧಿಕರಣವು ತೀರ್ಪಿತ್ತಿತು. ನೀರು ಇನ್ನೂ ಹರಿದು ಬಂದಿಲ್ಲ. ಹೋರಾಟಗಾರನ ಮಗನೇ ಇಂದು ಹುಬ್ಬಳ್ಳಿಯ ಬಾಡಿಗೆ ಮನೆಯಲ್ಲಿ ಕೊಡ ಹಿಡಿದು ಅದೇ ನದಿಯ ನೀರಿಗೆ ಕಾಯುತ್ತಿದ್ದರೆ ಆಶ್ಚರ್ಯವಿಲ್ಲ. ಯಾವ ಓಣಿಗೆ ಯಾವ ದಿನ, ಎಷ್ಟು ಹೊತ್ತು ನೀರು ಬಿಡಲಾಗುವುದೆಂಬ ಪಟ್ಟಿಯನ್ನು ಮಹಾನಗರಪಾಲಿಕೆಯು ಪ್ರತಿ ವಾರ್ಡಿನಲ್ಲಿ ಅಚ್ಚು ಹಾಕಿಸಿ ತೂಗುಹಾಕಿದರೆ ಹೊಸಬರಿಗೆ ದೊಡ್ಡ ಉಪಕಾರವಾದೀತು. ಖರ್ಚು ಅತ್ಯಲ್ಪ.

ಕರಾರು ಪತ್ರದ ವಿಷಯದಲ್ಲಿ ನಮ್ಮ ಜನರ ಅಲಕ್ಷ್ಯವು ಶೋಚನೀಯ. 1999ರ ಕರ್ನಾಟಕ ಬಾಡಿಗೆ ಕಾಯದೆಯು ತಿಂಗಳಿಗೆ 3,500 ರೂಪಾಯಿಗಿಂತ ಮೇಲ್ಪಟ್ಟ ಬಾಡಿಗೆಯ ಮನೆಗಳನ್ನು ದೊಡ್ಡ ನಗರಗಳಲ್ಲಿಯೂ ತನ್ನ ರಕ್ಷಣೆಯಿಂದ ಹೊರಗಿಟ್ಟಿತು. ಆ ಹಣಕ್ಕೆ ಇಂದು ಸಂಸಾರಯೋಗ್ಯ ಮನೆ ಸಿಗುವುದು ದುರ್ಲಭ. ಆದುದರಿಂದ ಕರಾರಿಲ್ಲದ ತಿಂಗಳ ಬಾಡಿಗೆದಾರನಿಗೆ ಉಳಿಯುವುದು 1882ರ ಸ್ವತ್ತು ವರ್ಗಾವಣೆ ಕಾಯದೆಯ ಹದಿನೈದು ದಿನಗಳ ನೋಟೀಸು. ನವೆಂಬರದಲ್ಲಿ ಅಂತಹ ನೋಟೀಸು ಬಂದರೆ ಮಗುವಿನ ಶಾಲೆಯ ಗತಿಯೇನು? ಒಂದು ವರ್ಷಕ್ಕೆ ಮೀರಿದ ಗೇಣಿಗೆ ನೋಂದಣಿ ಕಡ್ಡಾಯವಾದುದರಿಂದ ಎಲ್ಲೆಡೆ ಹನ್ನೊಂದು ತಿಂಗಳ ಕರಾರೇ ರೂಢಿ. ಹಾಗಿದ್ದರೆ ಅದನ್ನು ಜೂನ್ 1ರಿಂದಲೇ ಆರಂಭಿಸಬೇಕು. ಆಗ ಏಪ್ರಿಲ್ 30ಕ್ಕೆ, ಪರೀಕ್ಷೆಗಳು ಮುಗಿದ ತರುವಾಯ ಅವಧಿ ತೀರುವುದು. ಅಕ್ಟೋಬರದಲ್ಲಿ ಬರೆದ ಕರಾರು ಆಗಸ್ಟಿನಲ್ಲಿ, ಶಾಲೆಯ ನಡುವೆ ತೀರುತ್ತದೆ. ಎರಡೂ ಕಡೆಯವರು ಮೂರು ತಿಂಗಳ ಮುಂಚೆ ತಿಳಿಸತಕ್ಕದ್ದೆಂಬ ಒಂದು ವಾಕ್ಯವನ್ನು ಸೇರಿಸಲು ಒಳ್ಳೆಯ ಮಾಲೀಕನು ಅಡ್ಡಿ ಹೇಳಲಾರನು. ಮುಂಗಡವು ಎರಡು ತಿಂಗಳ ಬಾಡಿಗೆಯನ್ನು ಮೀರಬಾರದೆಂದು ಕೇಂದ್ರ ಸರಕಾರದ 2021ರ ಮಾದರಿ ಕಾಯದೆಯು ಹೇಳುತ್ತದೆ. ರಾಜ್ಯವು ತನ್ನದಾಗಿ ಅಂಗೀಕರಿಸಿದ ಹೊರತು ಅದಕ್ಕೆ ಬಲವಿಲ್ಲ.

ಕೆಲವು ಓಣಿಗಳಲ್ಲಿ ಬಾಡಿಗೆ ಕೇಳುವ ಮೊದಲೇ ಜಾತಿ ಕೇಳುವರು. ಆಹಾರದ ನೆವದಿಂದ ಅದನ್ನೇ ಸುತ್ತಿ ಕೇಳುವವರೂ ಉಂಟು. ಅಸ್ಪೃಶ್ಯತೆಯ ಕಾರಣದಿಂದ ಯಾರನ್ನಾದರೂ ಯಾವುದೇ ವಸತಿಯಲ್ಲಿ ನೆಲೆಸದಂತೆ ತಡೆಯುವುದು 1955ರ ಕಾಯದೆಯಂತೆ ದಂಡನೀಯ ಅಪರಾಧ. ಸ್ವತಃ ಮನೆಗಳ ಮಾಲೀಕರಾಗಿರುವ ನಮ್ಮ ವಾಚಕರು ಇದನ್ನು ಓದಿ ಮರೆಯಬಾರದೆಂದು ಕೋರುತ್ತೇವೆ. ಮಗುವಿನೆದುರಿಗೆ ತಂದೆಯ ಜಾತಿಯನ್ನು ಕೇಳಿ ಬಾಗಿಲಿಕ್ಕಿಕೊಂಡ ಓಣಿಯು ಆ ಮಗುವಿಗೆ ಕಲಿಸುವ ಮೊದಲ ಪಾಠ ಎಂತಹದು!

ಕೊನೆಗೆ ನೌಕರರ ಒಂದು ಮಾತು. 2024ರ ಆಗಸ್ಟ್ 1ರಿಂದ ಜಾರಿಗೆ ಬಂದ ವೇತನ ಪರಿಷ್ಕರಣೆಯಲ್ಲಿ ಮನೆ ಬಾಡಿಗೆಯ ಭತ್ಯೆಯು ಹುಬ್ಬಳ್ಳಿ-ಧಾರವಾಡದಂತಹ ನಗರಕ್ಕೆ ಮೂಲವೇತನದ ಶೇಕಡಾ 15, ನಮ್ಮ ಊರುಗಳಿಗೆ 7.5. ಭತ್ಯೆ ನಿಶ್ಚಯವಾಗುವುದು ಕೆಲಸದ ಸ್ಥಳದಿಂದ. ನರಗುಂದದ ಕಾರಕೂನನು ಹುಬ್ಬಳ್ಳಿಯಲ್ಲಿ ಸಂಸಾರ ಹೂಡಿದರೆ ಪಡೆಯುವುದು ಅರ್ಧ, ತೆರುವುದು ಪೂರ್ತಿ. ಸರಕಾರವು ಅವನಿಗೆ ಹೆಚ್ಚು ಹಣ ಕೊಡಬೇಕೆಂದು ನಾವು ಕೇಳುವುದಿಲ್ಲ. ಅವನು ನರಗುಂದವನ್ನು ಬಿಟ್ಟು ಹೋಗುವುದೇತಕ್ಕೆಂದು ಅವನ ಮೇಲಧಿಕಾರಿಗಳು ಒಮ್ಮೆ ಅವನನ್ನೇ ಕರೆದು ಕೇಳಲಿ. ತಾಲೂಕು ಕೇಂದ್ರದ ಶಾಲೆ, ಆಸ್ಪತ್ರೆ, ನಲ್ಲಿಗಳ ಸ್ಥಿತಿಯನ್ನು ಅವನು ಅಂಕಿಸಂಖ್ಯೆಗಳ ಸಹಿತ ಬಲ್ಲನು, ಅನೇಕ ಸಾರಿ ಆ ವರದಿಗಳನ್ನು ಬರೆದು ಕಳಿಸಿದವನೂ ಅವನೇ.