ಹಾರೈಕೆ ಗರಗಕ್ಕೆ ಮುಟ್ಟಲಿ

ಆಗಸ್ಟ್ ಬಂತೆಂದರೆ ಧಾರವಾಡ ತಾಲ್ಲೂಕಿನ ಗರಗಕ್ಕೆ ಕ್ಯಾಮೆರಾಗಳು ಬರುತ್ತವೆ. ರಾಷ್ಟ್ರಧ್ವಜದ ಖಾದಿ ನೇಯುವ ಊರದು. 1954ರಲ್ಲಿ ಶುರುವಾದ ಅಲ್ಲಿನ ಕ್ಷೇತ್ರೀಯ ಸೇವಾ ಸಂಘದಲ್ಲಿ ನೂಲುವವರು, ನೇಯುವವರು ಬಹುಪಾಲು ಹೆಣ್ಣುಮಕ್ಕಳು. ಮೊದಲು ಪತ್ರಿಕೆಯವರು ಬರುತ್ತಿದ್ದರು, ಆಮೇಲೆ ಟಿ.ವಿ.ಯವರು ಬಂದರು, ಈಗ ಮೊಬೈಲ್ ಹಿಡಿದ ಹುಡುಗ ಹುಡುಗಿಯರೂ ಬರುತ್ತಾರೆ. ತಿರುಗುವ ಚರಕ, ಅತ್ತಿಂದಿತ್ತ ಓಡುವ ಲಾಳಿ, ನಾಚುತ್ತ ಆಡಿದ ನಾಲ್ಕು ಮಾತು ಸೇರಿ ಒಂದು ವಿಡಿಯೊ ಆಗುತ್ತದೆ. ಅದರ ಕೆಳಗೆ ಯಾವ್ಯಾವುದೋ ಊರಿನವರು, ಗರಗ ಯಾವ ದಿಕ್ಕಿಗಿದೆ ಎಂಬುದೂ ಗೊತ್ತಿಲ್ಲದವರು, ಆ ಕೈಗಳಿಗೆ ನಮಸ್ಕಾರ ಹೇಳುತ್ತಾರೆ; ಆ ಮನೆಗಳಿಗೆ ಒಳಿತು ಕೋರುತ್ತಾರೆ.

ಆ ಮಾತನ್ನು ಆ ಹೆಣ್ಣುಮಕ್ಕಳಿಗೆ ಮುಟ್ಟಿಸುವವರು ಯಾರು? ಈ ಪ್ರಶ್ನೆ ನನ್ನನ್ನು ಬಿಡುತ್ತಿಲ್ಲ. ವಿಡಿಯೊ ಮಾಡಿದವರು ಮುಂದಿನ ಊರಿಗೆ ಹೊರಟಿರುತ್ತಾರೆ. ಮಗ್ಗದ ಮುಂದೆ ಕೂತವರು ತಮ್ಮ ಕೆಲಸಕ್ಕೆ ಮರಳಿರುತ್ತಾರೆ. ಹಾರೈಕೆ ಮಾತ್ರ ನಡುವೆಯೇ ನಿಂತುಬಿಡುತ್ತದೆ.

ಇವೆಲ್ಲ ಬೆರಳ ತುದಿಯ ಮಾತುಗಳು, ಬೆಲೆಯಿಲ್ಲದವು ಎನ್ನುವವರಿದ್ದಾರೆ. ನಾನು ಒಪ್ಪುವುದಿಲ್ಲ. ದಾರಿಹೋಕನಿಗೆ ಒಂದು ತಂಬಿಗೆ ನೀರು ಕೊಟ್ಟರೆ ‘ನಿನ್ನ ಹೊಟ್ಟಿ ತಣ್ಣಗಿರ್ಲಿ ಯವ್ವಾ’ ಎಂದು ಹರಸಿ ಹೋಗುವ ಸೀಮೆ ನಮ್ಮದು. ಹಾಗೆ ಹರಸಿದವನು ಮತ್ತೆ ಸಿಗುತ್ತಾನೆಂದು ಯಾರೂ ಕಾಯುವುದಿಲ್ಲ, ಅವನ ಹೆಸರು ಕೇಳುವುದೂ ಇಲ್ಲ. ಆದರೂ ಆ ಮಾತು ಸುಳ್ಳಲ್ಲ. ಫೋನಿನಲ್ಲಿ ಟೈಪಾದ ಮಾತ್ರಕ್ಕೆ ಅದೇ ಮಾತು ಹೇಗೆ ಹಗುರಾದೀತು? ವ್ಯತ್ಯಾಸವಿರುವುದು ಬೇರೆ ಕಡೆ. ಬಾಗಿಲಲ್ಲಿ ನಿಂತು ಹರಸಿದವನ ಮಾತು ನೀರು ಕೊಟ್ಟವಳ ಕಿವಿಗೆ ಬೀಳುತ್ತಿತ್ತು.

ಈ ಕೊಂಡಿಯನ್ನು ಚೆನ್ನಾಗಿ ಬಲ್ಲದ್ದು ಆಕಾಶವಾಣಿ. 1950ರಲ್ಲಿ ಧಾರವಾಡ ಕೇಂದ್ರ ಶುರುವಾದ ಮೇಲೆ ಈ ಭಾಗದ ಹಳ್ಳಿಗಳಿಗೆ ರೇಡಿಯೊ ಎಂದರೆ ಹಾಡು, ಸುದ್ದಿಯಷ್ಟೇ ಆಗಿರಲಿಲ್ಲ. ಕೋರಿಕೆ ಕಳಿಸಿದವರ ಹೆಸರನ್ನೂ ಊರನ್ನೂ ಓದಿ ಹೇಳುತ್ತಿದ್ದರು, ಪತ್ರಗಳಿಗೆ ಉತ್ತರ ಕೊಡುತ್ತಿದ್ದರು. ಹದಿನೈದು ಪೈಸೆಯ ಕಾರ್ಡಿಗೂ ಗಾಳಿಯಲ್ಲಿ ಒಂದು ಜವಾಬು ಸಿಗುತ್ತಿತ್ತು. ತಮ್ಮ ಊರಿನ ಹೆಸರು ಬಂದಾಗ ಮನೆಮಂದಿಗೆಲ್ಲ ಹಿಗ್ಗು. ಮುಖ ಕಾಣದವರ ನಡುವೆ ಸ್ನೇಹ ಬೆಳೆಯುವುದಕ್ಕೆ ಆ ಜವಾಬು ಸಾಕಾಗಿತ್ತು.

ಜವಾಬಿನ ದಾರಿ ಮುಚ್ಚಿದರೆ ಏನಾಗುತ್ತದೆ ಎಂಬುದನ್ನೂ ನೋಡಿದ್ದೇವೆ. ಟಿಕ್‌ಟಾಕ್‌ನಲ್ಲಿ ಡ್ಯುಯೆಟ್ ಎಂಬುದೊಂದಿತ್ತು. ಒಂದೂರಿನವಳು ಅರ್ಧ ಪರದೆಯಲ್ಲಿ ಹಾಡಿದರೆ, ಅವಳನ್ನು ಎಂದೂ ಕಾಣದವನೊಬ್ಬ ಇನ್ನರ್ಧದಲ್ಲಿ ಕೂತು ದನಿಗೂಡಿಸಬಹುದಿತ್ತು. ಹೊಲದ ಬದುವಿನಲ್ಲಿ ನಿಂತು ಹಾಡಿದವರಿಗೂ ಜೊತೆ ಸಿಕ್ಕಿದ್ದು ಅಲ್ಲಿ. 2020ರ ಜೂನ್ 29ರಂದು ಕೇಂದ್ರ ಸರ್ಕಾರ 59 ಆ್ಯಪ್‌ಗಳನ್ನು ನಿಷೇಧಿಸಿತು, ಅವುಗಳಲ್ಲಿ ಅದೂ ಒಂದು. ನಿಷೇಧದ ಕಾರಣಗಳು ದೇಶದ ಭದ್ರತೆಗೆ ಸೇರಿದವು, ಆ ಚರ್ಚೆ ಇಲ್ಲಿ ಬೇಡ. ಆದರೆ ಒಬ್ಬರಿಗೊಬ್ಬರ ಊರು ಗೊತ್ತಿಲ್ಲ, ನಂಬರ್ ಗೊತ್ತಿಲ್ಲ, ನಿಜವಾದ ಹೆಸರೂ ಗೊತ್ತಿಲ್ಲ. ಹಾಗಿದ್ದವರ ಗೆಳೆತನಗಳು ಒಂದು ವಿದಾಯದ ಮಾತೂ ಇಲ್ಲದೆ ನಿಂತುಹೋದವು. ಆ ನಷ್ಟವನ್ನು ಯಾರೂ ಲೆಕ್ಕಕ್ಕೆ ಹಿಡಿಯಲಿಲ್ಲ.

ಡಾ. ಬ್ರೋ ಎಂದು ಹೆಸರಾದ ಗಗನ್ ಅವರ ವಿಡಿಯೊಗಳನ್ನು ನಮ್ಮ ಜನ ಮನೆಯ ಹುಡುಗನದೆಂಬಂತೆ ನೋಡುವುದಕ್ಕೆ ಕಾರಣವೂ ಈ ಕೊಡುಕೊಳ್ಳುವಿಕೆಯೇ ಎಂದು ನನಗನ್ನಿಸುತ್ತದೆ. ‘ನಮಸ್ಕಾರ ದೇವ್ರು’ ಎಂದು ಶುರುಮಾಡಿ ಆಫ್ಘಾನಿಸ್ತಾನದ ಬೀದಿಯಲ್ಲಿ ಕಂಡವರನ್ನು ಮಾತಾಡಿಸುವಾಗ ಆತ ಅವರನ್ನು ನಮಗೆ ಪರಿಚಯಿಸುತ್ತಾರೆ, ನಮ್ಮ ನಮಸ್ಕಾರವನ್ನು ಅವರಿಗೆ ಮುಟ್ಟಿಸುತ್ತಾರೆ. ಕ್ಯಾಮೆರಾ ಹಿಡಿದವರು ಎರಡೂ ದಡಕ್ಕೆ ಸಲ್ಲಬೇಕು.

ಗರಗದ ಮಟ್ಟಿಗೆ ಇದು ಇನ್ನೂ ಮುಖ್ಯ. ಅಲ್ಲಿ ನೇಯ್ದ ಬಟ್ಟೆ ಬಣ್ಣ ಕಂಡು, ಧ್ವಜವಾಗಿ, ಎಲ್ಲಿಗೋ ಹೋಗುತ್ತದೆ. ಯಾವ ಶಾಲೆಯ ಅಂಗಳದಲ್ಲಿ, ಯಾವ ಕಚೇರಿಯ ಮೇಲೆ ಅದು ಹಾರುತ್ತಿದೆ ಎಂಬುದು ನೇಯ್ದವಳಿಗೆ ತಿಳಿಯದು. ಮೊದಲು ಕೊಟ್ಟವಳು ಅವಳು, ಅದೂ ಮುಖ ನೋಡದೆ. ವಿಡಿಯೊ ನೋಡಿ ಹಾರೈಸಿದವರು ಆ ಕೊಡುಗೆಗೆ ಜವಾಬು ಬರೆದಿದ್ದಾರೆ. ಅದನ್ನು ತಲುಪಿಸದೆ ಇಟ್ಟುಕೊಳ್ಳುವ ಹಕ್ಕು ನಮಗಿಲ್ಲ.

ಹಾರೈಕೆ ಕೂಲಿಯಾಗುವುದಿಲ್ಲ, ನಿಜ. ಧ್ವಜ ಸಂಹಿತೆಗೆ 2021ರ ಡಿಸೆಂಬರ್ 30ರಂದು ಆದ ತಿದ್ದುಪಡಿ ಪಾಲಿಯೆಸ್ಟರ್ ಹಾಗೂ ಯಂತ್ರದಲ್ಲಿ ತಯಾರಾದ ಧ್ವಜಗಳಿಗೆ ಅವಕಾಶ ಕೊಟ್ಟಿತು. ಮರುವರ್ಷ ‘ಹರ್ ಘರ್ ತಿರಂಗಾ’ ಅಭಿಯಾನ ನಡೆಯುವಾಗ, ಖಾದಿ ಧ್ವಜಗಳನ್ನು ಸಿದ್ಧಪಡಿಸುವ ಹುಬ್ಬಳ್ಳಿಯ ಬೆಂಗೇರಿಯವರು ಪ್ರತಿಭಟನೆಗೆ ಇಳಿಯಬೇಕಾಯಿತು. ಖಾದಿ ಕೊಳ್ಳುವವರಿದ್ದರೆ ಮಾತ್ರ ಮಗ್ಗ ನಡೆಯುತ್ತದೆ. ವಿಡಿಯೊ ನೋಡಿ ಮನಸ್ಸು ತುಂಬಿದವರು ಈ ಸಲ ಖಾದಿ ಧ್ವಜವನ್ನೇ ಕೇಳಿ ಕೊಳ್ಳಲಿ. ಕೂಲಿಯ ಮಾತು ಕೂಲಿಗೆ, ಪ್ರೀತಿಯ ಮಾತು ಪ್ರೀತಿಗೆ. ಎರಡೂ ಅವರಿಗೆ ಸಲ್ಲಬೇಕಾದದ್ದೇ.

ಈ ಆಗಸ್ಟ್‌ನಲ್ಲಿ ಗರಗಕ್ಕೆ ಹೋಗುವ ಹುಡುಗರಲ್ಲಿ ನನ್ನದೊಂದು ವಿನಂತಿ. ಸೆಪ್ಟೆಂಬರಿನಲ್ಲಿ ಇನ್ನೊಮ್ಮೆ ಹೋಗಿ. ಮಗ್ಗ ನಡೆಯುವಾಗ ಏನು ಓದಿದರೂ ಕೇಳಿಸುವುದಿಲ್ಲ, ಚಹಾದ ಹೊತ್ತಿಗೆ ಹೋಗಿ. ಬಂದ ಹಾರೈಕೆಗಳನ್ನು ಬರೆದವರ ಊರಿನ ಸಮೇತ ಗಟ್ಟಿಯಾಗಿ ಓದಿ ಹೇಳಿ. ಹಿಂದಿಯಲ್ಲೋ ತಮಿಳಿನಲ್ಲೋ ಇದ್ದರೆ ಕನ್ನಡದಲ್ಲಿ ತಿಳಿಸಿ. ಆ ಅಕ್ಕಂದಿರು ಒಪ್ಪಿದರೆ ಅವರ ಮಾತನ್ನೂ ರೆಕಾರ್ಡ್ ಮಾಡಿ ಹಾಕಿ. ಅವರು ಬರೀ ಥ್ಯಾಂಕ್ಸ್ ಹೇಳಿ ಸುಮ್ಮನಾಗುವವರಲ್ಲ. ‘ನಿಮ್ಮ ಕಡೆ ಮಳಿ ಹೆಂಗೈತ್ರಿ, ಮನ್ಯಾಗ ಎಲ್ಲಾರೂ ಅರಾಮ ಅದಾರೇನ್ರಿ’ ಎಂದು ತಿರುಗಿ ಕೇಳುತ್ತಾರೆ.